ಅರ್ಧ ಬೆಲೆಯ ಪುಸ್ತಕ

ಶಾಲೆ ಬಿಟ್ಟು ನಲವತ್ತು ವರ್ಷವಾದವರನ್ನು ಕೇಳಿ ನೋಡಿ. ರೇಖಾಗಣಿತದ ಪ್ರಮೇಯಗಳು ಅವರಿಗೆ ಮರೆತಿರುತ್ತವೆ. ಬಳಪ ಮುರಿದು ಅರ್ಧ ಕೊಟ್ಟ ಪಕ್ಕದ ಹುಡುಗನ ಹೆಸರು ಮಾತ್ರ ಮರೆತಿರುವುದಿಲ್ಲ. ಅಷ್ಟು ಸಣ್ಣ ಸಂಗತಿ ಅಷ್ಟು ಕಾಲ ಉಳಿಯುವುದು ಏತಕ್ಕೆಂದು ವಿಚಾರ ಮಾಡಬಹುದು.

ನಮ್ಮ ಶಾಲೆಗಳಲ್ಲಿ ಹಿಂದೆ ಒಂದು ರೂಢಿಯಿತ್ತು. ಅದು ಇಲಾಖೆಯ ಆಜ್ಞೆಯಿಂದ ಬಂದದ್ದಲ್ಲ. ವಾರ್ಷಿಕ ಪರೀಕ್ಷೆ ಮುಗಿಯುತ್ತಲೇ ಕೆಳಗಿನ ತರಗತಿಯ ಹುಡುಗ ಮೇಲಿನ ತರಗತಿಯವನ ಮನೆಗೆ ಹೋಗಿ, 'ನಿನ್ನ ಪುಸ್ತಕ ನನಗೇ ಇರಲಿ' ಎಂದು ಹೇಳಿ ಬರುತ್ತಿದ್ದ. ಬೆಲೆ ಅರ್ಧ; ರಟ್ಟು ಕಿತ್ತಿದ್ದರೆ ಇನ್ನೂ ಕಡಿಮೆ. ಹೀಗೆ ಒಂದೇ ಪುಸ್ತಕ ಮೂರು ನಾಲ್ಕು ಕೈ ದಾಟುತ್ತಿತ್ತು. ಮೊದಲ ಪುಟದಲ್ಲಿ ಒಂದು ಹೆಸರನ್ನು ಹೊಡೆದು ಅದರ ಕೆಳಗೆ ಇನ್ನೊಂದನ್ನು ಬರೆದಿರುತ್ತಿತ್ತು. ಆ ಅರ್ಧ ಬೆಲೆ ಎಷ್ಟೋ ಸಲ ಕೈಗೆ ಬರುತ್ತಲೇ ಇರಲಿಲ್ಲ. 'ಆಮೇಲೆ ಕೊಡುವೆಯಂತೆ' ಎಂದು ಕೊಡುವವನು ಹೇಳುತ್ತಿದ್ದ. ಆ 'ಆಮೇಲೆ' ಬಾರದಿದ್ದರೂ ಇಬ್ಬರೂ ಆ ಮಾತನ್ನು ಎತ್ತುತ್ತಿರಲಿಲ್ಲ.

ಹಾಗಿದ್ದರೆ ಪುಕ್ಕಟೆಯಾಗಿಯೇ ಕೊಡುತ್ತೇನೆಂದು ಹೇಳಬಹುದಿತ್ತಲ್ಲ? ಇಲ್ಲಿಯೇ ಗುಟ್ಟಿರುವುದು. ಪುಕ್ಕಟೆ ಪಡೆದವನು ತಲೆ ತಗ್ಗಿಸಬೇಕಾಗುತ್ತದೆ; ಬೆಲೆ ಗೊತ್ತುಮಾಡಿಕೊಂಡವನು ಕೊಂಡವನಾಗುತ್ತಾನೆ. ಮಧ್ಯಾಹ್ನದ ಬುತ್ತಿಯಲ್ಲಿಯೂ ಇದೇ ನ್ಯಾಯ. 'ನಿಮ್ಮ ಮನೆಯ ಉಪ್ಪಿನಕಾಯಿ ಚೂರು ಕೊಡು, ನನ್ನ ದೋಸೆ ತಗೋ' ಎಂಬುದು ಯಾವ ಲೆಕ್ಕದಿಂದಲೂ ಸರಿಯಾದ ವ್ಯಾಪಾರವಲ್ಲ. ಅದು ತಿಳಿದೇ ಮಕ್ಕಳು ಅದನ್ನು ವ್ಯಾಪಾರವೆಂದು ಕರೆದರು. ಎಲ್ಲ ಮಕ್ಕಳೂ ಹಾಗಿದ್ದರೆಂದಲ್ಲ. ಜಾತಿ ನೋಡಿ ದೂರ ಕುಳಿತು ಉಣ್ಣುವುದನ್ನೂ ಅವರು ಮನೆಯಿಂದಲೇ ಕಲಿತು ಬರುತ್ತಿದ್ದರು.

ಈ ಗುಟ್ಟನ್ನು ಅರಿಯದೆ ನಾನೊಂದು ತಪ್ಪು ಮಾಡಿದೆ. ಉಪಾಧ್ಯಾಯನಾಗಿ ಸೇರಿದ ಹೊಸತು. ಒಬ್ಬ ಹುಡುಗ ತನ್ನ ಬುತ್ತಿಯಲ್ಲಿ ಗೆಳೆಯನಿಗೆ ದಿನವೂ ಪಾಲು ಕೊಡುವುದನ್ನು ಕಂಡು, ತರಗತಿಯ ಮುಂದೆ ನಿಲ್ಲಿಸಿ ಅವನನ್ನು ಹೊಗಳಿದೆ. ಮರುದಿನದಿಂದ ಆ ಗೆಳೆಯ ಊಟದ ಹೊತ್ತಿಗೆ ಬಾವಿಯ ಕಡೆಗೆ ಹೋಗಿ ಒಬ್ಬನೇ ಕುಳಿತ. ಹೊಗಳಿಸಿಕೊಂಡವನು ಒಂದು ವಾರ ನನ್ನ ಮುಖ ನೋಡಲಿಲ್ಲ. ಇಬ್ಬರ ನಡುವೆ ಗುಟ್ಟಾಗಿದ್ದುದನ್ನು ನಾನು ಡಂಗುರ ಹೊಡೆಸಿದ್ದೆ.

ಈಗ ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಉಚಿತ. ಬೇಯಿಸಿದ ಊಟವನ್ನು ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದ ಮೇಲೆ ನಮ್ಮಲ್ಲಿ ಅಕ್ಷರ ದಾಸೋಹ ಬಂದಿತು. 2013ರಲ್ಲಿ ಹಾಲೂ ಬಂದಿತು. ಎಲ್ಲರಿಗೂ ಸಮನಾಗಿ ಬಡಿಸುವ ತಟ್ಟೆಯ ಮುಂದೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಇದು ದೊಡ್ಡ ಲಾಭ. ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಹಂಬಲಿಸುವವನು ನಾನಲ್ಲ.

ಆದರೆ ಸರ್ಕಾರ ಬಡಿಸಲಾರದ ಕೊರತೆಗಳು ಬೇರೆ ಇವೆ. ತಾಂಡಾದಿಂದ ಒಂದನೆಯ ತರಗತಿಗೆ ಬಂದ ಮಗುವಿಗೆ ಮನೆಯಲ್ಲಿ 'ಪಾಣಿ' ಎಂದದ್ದು ಇಲ್ಲಿ 'ನೀರು' ಆಗಬೇಕು. ಉಪಾಧ್ಯಾಯರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಮಾತು ತಿಳಿಯದೆ ಅದು ಸುಮ್ಮನೆ ನಿಲ್ಲುತ್ತದೆ. ನಾಲ್ಕು ದಿನ ಹೀಗೆ ನಿಂತ ಮಗು ಐದನೆಯ ದಿನ ಶಾಲೆಗೆ ಬಾರದೆ ಹೋಗಬಹುದು. ಆಗ ಪಕ್ಕದಲ್ಲಿ ಕುಳಿತ ಮಗು ಬಾಯಿಗೆ ಕೈ ಅಡ್ಡವಿಟ್ಟು ಪಿಸುಗುಟ್ಟುತ್ತದೆ. ನಿಯಮದಂತೆ ಅದು ಅಪರಾಧ. ಉತ್ತರ ಹೇಳಿಕೊಡುವವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ನಮ್ಮ ಹಳೆಯ ಸಂಪ್ರದಾಯ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅಂಥ ಪಿಸುಮಾತು ಕಿವಿಗೆ ಬಿದ್ದರೆ ನಾನು ಹಲಗೆಯ ಕಡೆಗೆ ತಿರುಗಿ, ಅಲ್ಲಿ ಒರೆಸುವುದಕ್ಕೆ ಏನೂ ಇಲ್ಲದಿದ್ದರೂ ಒರೆಸುತ್ತ ನಿಲ್ಲುತ್ತಿದ್ದೆ.