ಬೆನ್ನು ಒಪ್ಪುವ ಬೈಕು

ರಾಯಲ್ ಎನ್‌ಫೀಲ್ಡ್‌ನ ಮೀಟಿಯಾರ್, ಕ್ಲಾಸಿಕ್, ಹಂಟರ್ ಈ ಮೂರರಲ್ಲೂ ಇರುವುದು ಒಂದೇ 349 ಸಿಸಿ ಎಂಜಿನ್. ಆದರೂ ದಿನವಿಡೀ ಓಡಿಸಿದವರ ಮೈ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡುತ್ತದೆ. ಕಾರಣ ಎಂಜಿನ್ನಲ್ಲ, ಸೀಟು, ಹ್ಯಾಂಡಲ್, ಫುಟ್‌ರೆಸ್ಟ್‌ಗಳ ನಡುವಿನ ತ್ರಿಕೋನ. ಶೋರೂಮಿನಲ್ಲಿ ಮೈಲೇಜು, ಬೆಲೆ, ಬಣ್ಣ ಎಲ್ಲ ವಿಚಾರಿಸುವವರು ಇದೊಂದನ್ನು ವಿಚಾರಿಸುವುದೇ ಇಲ್ಲ.

ಮೀಟಿಯಾರ್ ಕ್ರೂಸರ್ ಜಾತಿಯದು. ಸೀಟು ನೆಲದಿಂದ 765 ಮಿ.ಮೀ. ಎತ್ತರದಲ್ಲಷ್ಟೇ ಇರುವುದರಿಂದ ಗಿಡ್ಡಗಿರುವವರ ಕಾಲೂ ಸಲೀಸಾಗಿ ನೆಲ ಮುಟ್ಟುತ್ತದೆ. ಆದರೆ ಪಾದಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ಗುಂಡಿ ಎದುರಾದಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೊಂಟವನ್ನು ತುಸು ಎತ್ತಲು ಹೋದರೆ ಆಗುವುದಿಲ್ಲ. ಏಟು ನೇರ ಬೆನ್ನುಮೂಳೆಗೆ. ಹಂಟರ್‌ನಲ್ಲಿ ಪಾದಗಳು ಸೊಂಟಕ್ಕೆ ಹತ್ತಿರ, ಮೈ ಸ್ವಲ್ಪ ಮುಂದಕ್ಕೆ. ಅಲ್ಲಿ ಮೊಣಕಾಲುಗಳೇ ಇನ್ನೊಂದು ಜೋಡಿ ಶಾಕ್ ಅಬ್ಸಾರ್ಬರ್.

ಮುಂದಕ್ಕೆ ಬಾಗುವುದೆಂದರೆ ನೋವು ಎಂದು ಹಲವರು ನಂಬಿದ್ದಾರೆ. ಅತಿಯಾದರೆ ನಿಜ, ರೇಸ್ ಬೈಕಿನ ಮೇಲೆ ಮಣಿಕಟ್ಟು ಸೋಲುತ್ತದೆ. ಆದರೆ ಗಾಳಿಯ ಲೆಕ್ಕ ಬೇರೆ. ವೇಗ 50 ಕಿ.ಮೀ.ಯಿಂದ 100ಕ್ಕೆ ಏರಿದರೆ ಎದೆಗೆ ಬಡಿಯುವ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ನೆಟ್ಟಗೆ ಕೂತವರು ಹ್ಯಾಂಡಲ್ಲಿಗೆ ಜೋತುಬಿದ್ದು ಅದನ್ನು ತಡೆಯಬೇಕು, ಹೆದ್ದಾರಿಯಲ್ಲಿ ಭುಜ ಹಿಡಿದುಕೊಳ್ಳುವುದು ಹೀಗೆಯೇ. ಕೊಂಚ ಬಾಗಿದವರ ಮೈಭಾರವನ್ನು ಅದೇ ಗಾಳಿ ಒಂದಿಷ್ಟು ಹೊರುತ್ತದೆ. ಆದರೆ ಅಷ್ಟು ವೇಗವೇ ಇಲ್ಲದ ಪೇಟೆಯೊಳಗೆ ಆಫೀಸಿಗೆ ಹೋಗಿಬರುವವರಿಗೆ ನೆಟ್ಟಗಿನ ಕೂರುವಿಕೆಯೇ ಸರಿ.

ಇನ್ನು ನಡುಕ. ಇದರಲ್ಲಿ ಎರಡು ಬಗೆ, ಎರಡನ್ನೂ ಬೆರೆಸಬಾರದು.

ಎಂಜಿನ್ ನಿಮಿಷಕ್ಕೆ 4,800 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 80 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಪ್ರತಿ ಸಲವೂ ತುದಿಯಲ್ಲಿ ನಿಂತು ತಿರುಗುವಾಗ ಇಡೀ ಎಂಜಿನ್ನನ್ನು ಜಗ್ಗುತ್ತದೆ. ಕ್ರ್ಯಾಂಕಿಗೆ ಎದುರುಭಾರ ಕಟ್ಟಿ ಇದನ್ನು ತಗ್ಗಿಸಬಹುದು, ಆದರೆ ಪೂರ್ತಿ ಕಟ್ಟಿದರೆ ಮೇಲೆ ಕೆಳಗಿನ ನಡುಕ ಹಿಂದುಮುಂದಿನ ನಡುಕವಾಗುತ್ತದೆ, ಅಷ್ಟೆ. ಅದಕ್ಕೇ ಅರ್ಧ ಭಾರವನ್ನು ಕ್ರ್ಯಾಂಕಿಗೆ ಕಟ್ಟಿ, ಉಳಿದದ್ದನ್ನು ಅಷ್ಟೇ ವೇಗದಲ್ಲಿ ಉಲ್ಟಾ ತಿರುಗುವ ಬ್ಯಾಲೆನ್ಸರ್ ಶಾಫ್ಟಿಗೆ ವಹಿಸುತ್ತಾರೆ. 2020ರಲ್ಲಿ ಮೀಟಿಯಾರ್ ಜೊತೆ ಬಂದ ಎಂಜಿನ್ನಿನಲ್ಲಿ ಈ ಶಾಫ್ಟ್ ಇದೆ. ಹಳೆಯ ಬುಲೆಟ್ 350ರಲ್ಲಿ ಇರಲಿಲ್ಲ. ಈ ನಡುಕ ಕಾಡುವುದು ಬೆರಳುಗಳನ್ನು. ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗಿ ಅಲುಗುತ್ತಿದ್ದರೆ, ಸ್ವಲ್ಪ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತದೆಂದೇ ಲೆಕ್ಕ.

ಇನ್ನೊಂದು ರಸ್ತೆಯ ಕುಲುಕಾಟ. ಕೂತ ಮನುಷ್ಯನ ಮೈ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಅಲುಗಿದಾಗ ಅತಿ ಹೆಚ್ಚು ಬಳಲುತ್ತದೆ. ಇದನ್ನು ತಡೆಯುವುದು ಶಾಕ್ ಅಬ್ಸಾರ್ಬರ್‌ನ ಕೆಲಸ, ಸೀಟಿನ ಸ್ಪಂಜಿನದಲ್ಲ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವ ಮೆತ್ತನೆಯ ಸೀಟು ಶೋರೂಮಿನಲ್ಲಿ ಮನಸೆಳೆಯುತ್ತದೆ. ಒಂದು ಗಂಟೆಯ ನಂತರ ಸ್ಪಂಜು ಪೂರ್ತಿ ಕುಸಿದು, ಕುಳಿತಾಗ ಭಾರ ಹೊರುವ ಎರಡು ಮೂಳೆಗಳ ತುದಿಗೆ ತಳವೇ ಒತ್ತುತ್ತದೆ. ತುಸು ಗಟ್ಟಿಯಾದ, ಅಗಲವಾದ ಸೀಟು ಭಾರವನ್ನು ಹಂಚುತ್ತದೆ.

ಸೀಟು ಅಗಲವಾದಷ್ಟೂ ತೊಡೆಗಳು ಹರಡಿಕೊಂಡು ಕಾಲು ನೆಲ ಮುಟ್ಟುವುದು ಕಷ್ಟವಾಗುತ್ತದೆ. ಆದ್ದರಿಂದ ಎತ್ತರದ ಅಂಕಿಯೊಂದನ್ನೇ ನಂಬುವಂತಿಲ್ಲ. ಸ್ಪ್ಲೆಂಡರ್‌ನ ಸೀಟು 785 ಮಿ.ಮೀ., ಮೀಟಿಯಾರ್‌ಗಿಂತ ಎತ್ತರ. ಆದರೂ ಅದು 112 ಕೆ.ಜಿ. ಆಸುಪಾಸಿನ ಸಪೂರ ಗಾಡಿ, ಇನ್ನೊಂದು 191 ಕೆ.ಜಿ. ಟ್ರಾಫಿಕ್ಕಿನಲ್ಲಿ ಒಂಟಿಗಾಲಲ್ಲಿ ತಡೆದು ನಿಲ್ಲಿಸುವಾಗ ಆ ವ್ಯತ್ಯಾಸ ತೊಡೆಗೆ ಗೊತ್ತಾಗುತ್ತದೆ.

ಟೆಸ್ಟ್ ರೈಡ್‌ಗೆ ಹೋಗುವಾಗ ದಿನವೂ ಹಿಂದೆ ಕೂರುವವರನ್ನು ಕರೆದೊಯ್ಯುವುದು ಒಳ್ಳೆಯದು. ಇಬ್ಬರ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಹೆಚ್ಚು ಕುಸಿಯುತ್ತದೆ, ರೋಡ್ ಹಂಪಿನ ಮೇಲೆ ಅದು ತಳ ಬಡಿದರೆ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಆರಂಭದ ಬಿಗಿತವನ್ನು ಒಂದೆರಡು ಹಂತ ಏರಿಸಿಕೊಡಲು ಅಲ್ಲೇ ಮೆಕ್ಯಾನಿಕ್ಕಿಗೆ ಹೇಳಬಹುದು. ಹಾಗೆ ಬಿಗಿ ಮಾಡಿದಾಗ ಸ್ಪ್ರಿಂಗ್ ಗಡುಸಾಗುವುದಿಲ್ಲ, ಕೂತಾಗ ಗಾಡಿ ಕುಸಿದು ನಿಲ್ಲುವ ಮಟ್ಟ ಮಾತ್ರ ಮೇಲೇರುತ್ತದೆ. ಒಬ್ಬರೇ ಓಡಿಸುವ ದಿನ ಮತ್ತೆ ಇಳಿಸಿಕೊಳ್ಳಬೇಕು.