ಸ್ಟ್ರೀಮಿಂಗ್ ಕಥೆಗಳ ಬಂಧವಿಚಾರ

ದೀರ್ಘವಾದ ಕಥಾವಸ್ತುವನ್ನು ಭಾಗಭಾಗವಾಗಿ ಹೇಳುವಲ್ಲಿ ಎರಡು ಮಾರ್ಗಗಳುಂಟು. ಪ್ರತಿಯೊಂದು ಭಾಗದಲ್ಲಿಯೂ ಒಂದು ಕಥೆ ಆರಂಭವಾಗಿ ಅಲ್ಲಿಯೇ ಮುಗಿಯುವುದು ಮೊದಲನೆಯದು. ಒಂದೇ ಕಥೆ ಭಾಗದಿಂದ ಭಾಗಕ್ಕೆ ಹರಿದು ಕಡೆಯಲ್ಲಿ ಮಾತ್ರ ನಿರ್ವಹಣವನ್ನು ಹೊಂದುವುದು ಎರಡನೆಯದು. ಟೆಲಿವಿಷನ್ ಕಥೆಗಳಲ್ಲಿ ಇವನ್ನು ಕ್ರಮವಾಗಿ ಬಿಡಿಕಂತಿನ ಕಥೆಯೆಂದೂ ಧಾರಾವಾಹಿಯೆಂದೂ ಕರೆಯಬಹುದು. ಪ್ರೇಕ್ಷಕನು ಬಯಸಿದಾಗ ಬಯಸಿದ ಕಂತನ್ನು ಅಂತರ್ಜಾಲದ ಮೂಲಕ ಒದಗಿಸುವ ಸ್ಟ್ರೀಮಿಂಗ್ ಪದ್ಧತಿ ಬಂದಮೇಲೆ ಎರಡನೆಯ ಮಾರ್ಗವು ಪ್ರಬಲಿಸಿದೆ. ಇದರಿಂದ ಕಥಾಬಂಧಕ್ಕೆ ಒದಗಿದ ಗುಣದೋಷಗಳು ವಿಚಾರಾರ್ಹವಾಗಿವೆ.

ಈ ಭೇದವು ನಮ್ಮ ಆಲಂಕಾರಿಕರಿಗೆ ಅಪರಿಚಿತವಲ್ಲ. ೯ನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಕಾವ್ಯಪ್ರಭೇದಗಳನ್ನು ಎಣಿಸುವಾಗ ಮುಕ್ತಕದಿಂದ ತೊಡಗಿ ಪರಿಕಥೆ, ಖಂಡಕಥೆ, ಸಕಲಕಥೆಗಳನ್ನೂ ಹೇಳಿರುವನು. ಒಂದೇ ಪ್ರಯೋಜನವನ್ನು ಉದ್ದೇಶಿಸಿದ ಹಲವು ವೃತ್ತಾಂತಗಳ ಸಮೂಹವು ಪರಿಕಥೆ. ಫಲಪ್ರಾಪ್ತಿಯವರೆಗೂ ನಡೆಯುವ ಪೂರ್ಣವೃತ್ತವು ಸಕಲಕಥೆ. ಕನ್ನಡದಲ್ಲಿ ವಡ್ಡಾರಾಧನೆಯ ೧೯ ಕಥೆಗಳು ಒಂದೊಂದೂ ಸ್ವತಂತ್ರವಾಗಿದ್ದರೂ ಉಪಸರ್ಗಗಳನ್ನು ಸಹಿಸಿ ಸದ್ಗತಿಯನ್ನು ಪಡೆದ ಮಹಾಪುರುಷರ ಚರಿತ್ರವನ್ನು ಹೇಳುವುದರಲ್ಲಿ ಏಕೋದ್ದೇಶವುಳ್ಳವು. ೨೦೧೧ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಅನಂತರ ನೆಟ್‌ಫ್ಲಿಕ್ಸನ್ನು ಸೇರಿದ ‘ಬ್ಲ್ಯಾಕ್ ಮಿರರ್’ ಕಥಾಮಾಲೆಯ ಬಂಧವೂ ಇಂತಹುದೇ. ಅದರಲ್ಲಿ ಕಂತಿಗೊಂದು ಕಥೆ, ಬೇರೆ ಬೇರೆ ಪಾತ್ರಗಳು. ಯಂತ್ರವಿದ್ಯೆಯಿಂದ ಮನುಷ್ಯನಿಗೆ ಒದಗುವ ವಿಪತ್ತನ್ನು ತೋರಿಸುವುದೇ ಹೆಚ್ಚಿನ ಕಥೆಗಳ ಉದ್ದೇಶ.

ಅಮೆರಿಕದ ಟೆಲಿವಿಷನ್ನಿನಲ್ಲಿ ಬಿಡಿಕಂತು ಬಹುಕಾಲ ಪ್ರಬಲವಾಗಿದ್ದುದಕ್ಕೆ ಕಾರಣ ಕಾವ್ಯತತ್ತ್ವವಲ್ಲ, ಪ್ರಸಾರದ ಏರ್ಪಾಡು. ಕಂತು ವಾರಕ್ಕೊಮ್ಮೆ ಬರುತ್ತಿತ್ತು. ಒಂದು ವಾರ ತಪ್ಪಿದವನಿಗೆ ಮುಂದಿನದು ಅರ್ಥವಾಗಬೇಕಾಗಿತ್ತು. ಹಳೆಯ ಕಂತುಗಳನ್ನು ಸ್ಥಳೀಯ ಪ್ರಸಾರಕೇಂದ್ರಗಳು ಕ್ರಯಕ್ಕೆ ಪಡೆದು ಮರುಪ್ರಸಾರ ಮಾಡುತ್ತಿದ್ದುದರಿಂದ, ಹಿಂದುಮುಂದಾಗಿ ನೋಡಿದರೂ ಕೆಡದ ಕಥೆಗೆ ಬೆಲೆ ಹೆಚ್ಚಾಗಿತ್ತು. ನೆಟ್‌ಫ್ಲಿಕ್ಸ್ ಸಂಸ್ಥೆ ೨೦೦೭ರಲ್ಲಿ ಸ್ಟ್ರೀಮಿಂಗನ್ನು ಆರಂಭಿಸಿ, ೨೦೧೩ರ ಫೆಬ್ರವರಿ ೧ರಂದು ‘ಹೌಸ್ ಆಫ್ ಕಾರ್ಡ್ಸ್’ ಕಥೆಯ ಮೊದಲ ಸೀಸನ್ನಿನ ೧೩ ಕಂತುಗಳನ್ನೂ ಒಟ್ಟಿಗೆ ಬಿಡುಗಡೆ ಮಾಡಿತು. ತಪ್ಪಿದ ಕಂತೆಂಬುದೇ ಇಲ್ಲವಾದಮೇಲೆ ಪ್ರತಿಕಂತನ್ನೂ ಮುಗಿಸಬೇಕೆಂಬ ಬಾಹ್ಯನಿರ್ಬಂಧವೂ ಸಡಿಲವಾಯಿತು.

ಇದರಿಂದ ಲಾಭವಿಲ್ಲದಿಲ್ಲ. ಪಾತ್ರದ ಸ್ವಭಾವವು ಮೆಲ್ಲಮೆಲ್ಲನೆ ಮಾರ್ಪಡುವುದನ್ನು ತೋರಿಸಲು ಧಾರಾವಾಹಿಯೇ ತಕ್ಕುದು. ಆದರೆ ನಷ್ಟವೂ ಉಂಟು. ಒಂದು ದೀರ್ಘ ಚಲಚ್ಚಿತ್ರವನ್ನು ಹತ್ತು ತುಂಡು ಮಾಡಿದಂತಿರುವ ಕಥೆಗಳಲ್ಲಿ ನಡುವಿನ ಕಂತುಗಳು ಬರಿಯ ದಾರಿಯಾಗುತ್ತವೆ. ಯಾವ ಪ್ರಸಂಗವು ಯಾವ ಕಂತಿನದೆಂಬುದು ನೋಡಿದವನ ಸ್ಮೃತಿಯಲ್ಲಿ ನಿಲ್ಲುವುದಿಲ್ಲ. ಕಂತಿನ ಕೊನೆಯಲ್ಲಿ ಕುತೂಹಲವನ್ನು ಕೆರಳಿಸಿ ಮುಂದಕ್ಕೆ ಸೆಳೆಯುವುದೇ ಸಂಧಾನದ ಉಪಾಯವಾಗುತ್ತದೆ.

೧೦ನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಹೇಳಿದ ‘ಬಿಂದು’ವಿನ ಲಕ್ಷಣವು ಇಲ್ಲಿ ಉಪಯುಕ್ತವಾದುದು. ಅವಾಂತರಪ್ರಯೋಜನವೊಂದು ಮುಗಿದು ಕಥೆ ಕಡಿದಂತಾದಾಗ, ಅದು ಕಡಿಯದಂತೆ ಪ್ರಧಾನವಸ್ತುವಿಗೆ ಜೋಡಿಸುವ ಅಂಶವೇ ಬಿಂದು. ಅವಾಂತರಪ್ರಯೋಜನವೊಂದು ಮೊದಲು ಸಿದ್ಧಿಸಬೇಕು. ಅದಿಲ್ಲದೆಡೆ ಜೋಡಿಸಬೇಕಾದುದೇ ಇರುವುದಿಲ್ಲ. ಆದುದರಿಂದ ಭಾಗದ ಪೂರ್ಣತೆಯೂ ಸಮಗ್ರದ ಅವಿಚ್ಛಿನ್ನತೆಯೂ ಪರಸ್ಪರವಿರುದ್ಧಗಳಲ್ಲ.

ಇದಕ್ಕೆ ನಿದರ್ಶನವಾಗಿ ೨೦೦೮ರಿಂದ ೨೦೧೩ರವರೆಗೆ ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ ಕಥೆಯನ್ನು ನೋಡಬಹುದು. ರಸಾಯನಶಾಸ್ತ್ರದ ಉಪಾಧ್ಯಾಯನೊಬ್ಬನು ಮಾದಕದ್ರವ್ಯವನ್ನು ತಯಾರಿಸಲು ತೊಡಗಿ ಪಾಪದಲ್ಲಿ ಮುಳುಗುವ ಕಥೆಯಿದು. ೬೨ ಕಂತುಗಳ ಧಾರಾವಾಹಿ. ೨೦೧೦ರಲ್ಲಿ ಬಂದ ‘ಫ್ಲೈ’ ಎಂಬ ಕಂತು ಬಹುಮಟ್ಟಿಗೆ ಒಂದೇ ಕಾರ್ಯಾಗಾರದಲ್ಲಿ, ಒಂದು ನೊಣವನ್ನು ಹಿಡಿಯಲು ಇಬ್ಬರು ಪಡುವ ಪಾಡಿನಲ್ಲಿ ನಡೆಯುತ್ತದೆ. ಹೊರಗಿನ ಕಥೆ ಮುಂದುವರಿಯದಿದ್ದರೂ, ಉಪಾಧ್ಯಾಯನ ಮನಸ್ಸಿನಲ್ಲಿ ಅಡಗಿದ್ದ ಅಪರಾಧವು ಬಾಯಿಯ ತುದಿಯವರೆಗೆ ಬಂದು ನಿಲ್ಲುತ್ತದೆ. ಕಂತು ತನ್ನಲ್ಲಿ ಪೂರ್ಣ. ಹೇಳದೆ ಉಳಿದ ಮಾತೇ ಬಿಂದು.

ಆ ಕಂತನ್ನು ನಿರ್ದೇಶಿಸಿದ ರಯನ್ ಜಾನ್ಸನ್ ಎಂಬಾತನೇ ೨೦೨೩ರಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗಾಗಿ ‘ಪೋಕರ್ ಫೇಸ್’ ಕಥಾಮಾಲೆಯನ್ನು ರಚಿಸಿದನು. ಪರರ ಸುಳ್ಳನ್ನು ಕೇಳಿದೊಡನೆ ತಿಳಿಯಬಲ್ಲ ಸ್ತ್ರೀಯೊಬ್ಬಳು ಊರಿಂದೂರಿಗೆ ಓಡುತ್ತ, ಹೋದಲ್ಲಿ ನಡೆದ ಕೊಲೆಯ ರಹಸ್ಯವನ್ನು ಭೇದಿಸುತ್ತಾಳೆ. ೧೯೭೧ರಲ್ಲಿ ಮಾಲೆಯಾಗಿ ಆರಂಭವಾದ ‘ಕೊಲಂಬೊ’ದಲ್ಲಿರುವಂತೆ ಕೊಲೆಗಾರನಾರೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ. ಮೊದಲ ಸೀಸನ್ನಿನ ೧೦ ಕಂತುಗಳನ್ನು ಪೋಣಿಸುವ ಸೂತ್ರವೆಂದರೆ ಆಕೆಯನ್ನು ಬೆನ್ನಟ್ಟುವವರ ಭಯ. ಬಿಡಿಕಂತು ಹಳೆಯ ಏರ್ಪಾಡಿನೊಡನೆ ಅಳಿಯಲಿಲ್ಲವೆಂಬುದಕ್ಕೆ ಇದು ಪ್ರಮಾಣ.

ಆದಕಾರಣ ಇಂತಹ ಕಥೆಗಳ ವಿಮರ್ಶೆಯಲ್ಲಿ ಇದು ಬಿಡಿಕಂತೋ ಧಾರಾವಾಹಿಯೋ ಎಂಬ ಪ್ರಶ್ನೆಯಷ್ಟೇ ಸಾಲದು. ಈ ಕಂತಿನಲ್ಲಿ ಏನು ಆರಂಭವಾಗಿ ಏನು ಮುಗಿಯಿತು, ಮುಗಿದಮೇಲೆ ಮುಂದಕ್ಕೆ ಉಳಿದುದೇನು ಎಂಬೆರಡನ್ನೂ ಕೇಳಬೇಕು. ಹಿಂದೆ ಪ್ರಸಾರದ ವೇಳಾಪಟ್ಟಿ ಹೊರಗಿನಿಂದ ವಿಧಿಸುತ್ತಿದ್ದ ನಿಯಮವನ್ನು ಈಗ ಕಥಾಕಾರನು ತನ್ನ ವಿವೇಕದಿಂದಲೇ ಪಾಲಿಸಬೇಕಾಗಿದೆ.