ದೀಪ ತೂಗಿಸುವ ಮುನ್ನ ಬೆಳಕಿನ ಲೆಕ್ಕ

ಓದುವ ಕೋಣೆಯಲ್ಲಿ ಹತ್ತು ದೀಪಗಳು ಉರಿಯುತ್ತಿದ್ದರೂ ಮೂಲೆಯ ಮೇಜಿನ ವಿದ್ಯಾರ್ಥಿಯು ಪುಸ್ತಕವನ್ನು ಕಣ್ಣಿನ ಬಳಿಗೆ ತಂದುಕೊಳ್ಳುವುದನ್ನು ನಾವು ಕಂಡಿರುತ್ತೇವೆ. ದೀಪಗಳಿಗೆ ಕೊರತೆಯಿಲ್ಲ; ಬೆಳಕಿಗೆ ಮಾತ್ರ ಕೊರತೆ. ಇದಕ್ಕೆ ಕಾರಣವೇನು?

ದೀಪವು ಹೊರಸೂಸುವ ಬೆಳಕನ್ನು ಲ್ಯೂಮೆನ್‌ಗಳಲ್ಲಿ ಅಳೆಯುತ್ತೇವೆ. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅಲ್ಲಿನ ಪ್ರಕಾಶ ಒಂದು ಲಕ್ಸ್. ೬ ಮೀಟರ್ ಉದ್ದ, ೫ ಮೀಟರ್ ಅಗಲದ ಕೋಣೆಯಲ್ಲಿ ಮೇಜಿನ ಮಟ್ಟಕ್ಕೆ ೩೦೦ ಲಕ್ಸ್ ಬೇಕೆಂದು ಇಟ್ಟುಕೊಳ್ಳೋಣ. ೩೦ ಚದರ ಮೀಟರಿಗೆ ೯,೦೦೦ ಲ್ಯೂಮೆನ್ ಸಾಕೆಂದು ತೋರುತ್ತದೆ. ಆದರೆ ಗೋಡೆ, ಚಾವಣಿಗಳು ಬೆಳಕಿನ ಒಂದಂಶವನ್ನು ನುಂಗುತ್ತವೆ. ದೀಪದ ಮೇಲಿನ ಧೂಳೂ ದೀಪದ ಮುಪ್ಪೂ ಇನ್ನೊಂದಂಶವನ್ನು ಕಳೆಯುತ್ತವೆ. ಮೊದಲನೆಯದರ ಬಳಿಕ ೦.೬ ಪಾಲು, ಅದರಲ್ಲಿ ಎರಡನೆಯದರ ಬಳಿಕ ೦.೮ ಪಾಲು ಉಳಿಯುವುದಾದರೆ, ದೀಪಗಳಿಂದ ೧೮,೭೫೦ ಲ್ಯೂಮೆನ್ ಹೊರಡಬೇಕು. ಎಂದರೆ ೨,೦೦೦ ಲ್ಯೂಮೆನ್ನಿನ ಹತ್ತು ದೀಪಗಳು.

ಈ ಲೆಕ್ಕವು ಸರಾಸರಿಯನ್ನಷ್ಟೇ ಹೇಳುತ್ತದೆ. ಹತ್ತು ದೀಪಗಳನ್ನೂ ನಡುವೆ ಗುಂಪಾಗಿ ತೂಗಿಸಿದರೂ ಸೂತ್ರದ ಉತ್ತರ ಬದಲಾಗದು! ಚಿಕ್ಕ ದೀಪವೊಂದರಿಂದ ದೂರ ಇಮ್ಮಡಿಯಾದರೆ ಪ್ರಕಾಶವು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಕಿರಣಗಳು ಓರೆಯಾಗಿ ಬಿದ್ದರೆ ಇನ್ನೂ ಕಡಿಮೆ. ಲ್ಯಾಂಬರ್ಟನು ೧೭೬೦ರ ತನ್ನ ಗ್ರಂಥದಲ್ಲಿ ವಿವರಿಸಿದ ಈ ನಿಯಮಗಳನ್ನು ಮೇಜಿನ ಪ್ರತಿಯೊಂದು ಬಿಂದುವಿಗೂ ಅನ್ವಯಿಸುವುದು ಕೈಲೆಕ್ಕಕ್ಕೆ ನಿಲುಕುವ ಕೆಲಸವಲ್ಲ.

ಈ ಶ್ರಮವನ್ನು ಈಗ ಗಣಕಯಂತ್ರವು ವಹಿಸಿಕೊಂಡಿದೆ. ಜರ್ಮನಿಯ ಡಯಲಕ್ಸ್ ಇಂತಹ ತಂತ್ರಾಂಶಗಳಲ್ಲೊಂದು. ಕೋಣೆಯ ಅಳತೆ, ಗೋಡೆಗಳ ಪ್ರತಿಫಲನ ಶಕ್ತಿ, ದೀಪದ ಸ್ಥಾನ ಇವುಗಳನ್ನು ನಾವು ಒದಗಿಸುತ್ತೇವೆ. ದೀಪವು ಯಾವ ದಿಕ್ಕಿಗೆ ಎಷ್ಟು ಬೆಳಕು ಬೀರುವುದೆಂಬ ಅಂಕಿಗಳನ್ನು ತಯಾರಕರೇ ಕಡತವಾಗಿ ಕೊಡುತ್ತಾರೆ. ಯಂತ್ರವು ನೇರವಾಗಿ ಬಿದ್ದ ಬೆಳಕಿಗೆ ಗೋಡೆಯಿಂದ ಗೋಡೆಗೆ ಚಿಮ್ಮಿ ಬರುವ ಬೆಳಕನ್ನೂ ಕೂಡಿಸಿ, ಸಮಾನ ಪ್ರಕಾಶದ ಸ್ಥಳಗಳನ್ನು ಭೂಪಟದ ಸಮೋನ್ನತಿ ರೇಖೆಗಳಂತೆ ಗೆರೆಗಳಿಂದ ಜೋಡಿಸುತ್ತದೆ. ಮೂಲೆಯ ಕತ್ತಲೆ ಆಗ ತಾನಾಗಿ ಬಯಲಾಗುತ್ತದೆ. ಚಾವಣಿಗೆ ಒಂದು ರಂಧ್ರವನ್ನೂ ಕೊರೆಯದೆ ದೀಪಗಳನ್ನು ಸರಿಸಿ ಪುನಃ ನೋಡಬಹುದು.

ಆದರೆ ನಾವು ಕೊಟ್ಟ ಅಂಕಿಗಳನ್ನು ಯಂತ್ರವು ಪ್ರಶ್ನಿಸದು. ಮಾಸಿದ ಗೋಡೆಯನ್ನು ಹೊಸ ಸುಣ್ಣದ ಗೋಡೆಯೆಂದು ತಿಳಿಸಿದರೆ ಚಿತ್ರ ಬೆಳಗೀತು, ಕೋಣೆ ಬೆಳಗದು. ಆದುದರಿಂದ ದೀಪಗಳನ್ನು ಅಳವಡಿಸಿದ ಬಳಿಕ ಆ ಮೂಲೆಯ ಮೇಜಿನ ಮೇಲೆ ಲಕ್ಸ್‌ಮಾಪಕವನ್ನಿಟ್ಟು ನೋಡಿದ ಮೇಲೆಯೇ ಯೋಜನೆ ಮುಗಿಯಿತೆನ್ನಬೇಕು.